ಎದುರಿಗೆ ಕೂರುವವರು ಸಿಗುವುದೆಲ್ಲಿ?

ಪ್ರಶ್ನೆ: ನನ್ನೂರು ಶ್ರೀನಿವಾಸಪುರ, ಕೆಲಸ ನರಸಾಪುರದ ಕಾರ್ಖಾನೆಯಲ್ಲಿ. ಮೊಬೈಲಿನಲ್ಲಿ ಚೆಸ್ ಆಡಿ ಆಡಿ ಬೇಸರ ಬಂದಿದೆ. ಎದುರಿಗೆ ಒಬ್ಬರು ಕೂತಿರಬೇಕು, ಕಾಯಿ ಕೈಯಲ್ಲಿ ಹಿಡಿದು ನಡೆಸಬೇಕು ಅನ್ನುವ ಆಸೆ. ಕೋಲಾರ, ಮಾಲೂರು, ಮುಳಬಾಗಿಲು, ನಮ್ಮೂರು, ಇಷ್ಟರಲ್ಲಿ ಎಲ್ಲಿ ಹೋದರೆ ಜೊತೆ ಸಿಗುತ್ತದೆ? ಇಲ್ಲ, ಬೆಂಗಳೂರಿಗೇ ಹೋಗಬೇಕೆ?

ಉತ್ತರ: ಬೆಂಗಳೂರಿಗೆ ಹೋಗಲೇಬೇಕೆಂದೇನಿಲ್ಲ, ಚೆಸ್ ಬೆಂಗಳೂರಿನವರ ಸ್ವತ್ತೇನೂ ಅಲ್ಲ. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್, 2017ರಲ್ಲಿ ಆ ಪಟ್ಟ ಪಡೆದವರು, ಮೈಸೂರಿನವರು. ಆದರೆ ಯಾವ ಸಂಜೆ ಹೋದರೂ ಬಾಗಿಲು ತೆರೆದಿರುವ, ಯಾರೋ ಒಬ್ಬರು ಕಾಯಿ ಜೋಡಿಸಿಕೊಂಡು ಕಾದಿರುವ ಕ್ಲಬ್ಬು ದೊಡ್ಡ ನಗರಗಳಲ್ಲೂ ಅಪರೂಪ. ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದೊಳಗೆ ತಾಲ್ ಚೆಸ್ ಕ್ಲಬ್ ಅಂತ ಅಂಥದ್ದೊಂದಿತ್ತು. ಹುಡುಗ ವಿಶ್ವನಾಥನ್ ಆನಂದ್ ಅಲ್ಲಿ ಸರಸರನೆ ಬ್ಲಿಟ್ಜ್ ಆಡುತ್ತಲೇ ಬೆಳೆದದ್ದು. ನಮ್ಮ ತಾಲ್ಲೂಕು ಊರುಗಳಲ್ಲಿ ಚೆಸ್ ಆಡುವವರು ಒಬ್ಬೊಬ್ಬರಾಗಿ ಚದುರಿಹೋಗಿರುತ್ತಾರೆ. ಅವರೆಲ್ಲ ಒಟ್ಟಿಗೆ ಕಣ್ಣಿಗೆ ಬೀಳುವುದು ಟೂರ್ನಮೆಂಟಿನ ದಿನ. ಆದ್ದರಿಂದ ಜಾಗ ಹುಡುಕುವ ಮುಂಚೆ ಆ ದಿನ ಹುಡುಕಿ.

ಭಾನುವಾರಗಳಂದು ನಡೆಯುವ ಒಂದು ದಿನದ ರ‍್ಯಾಪಿಡ್ ಟೂರ್ನಮೆಂಟು ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಕಬಡ್ಡಿಯ ಹಾಗೆ ಸೋತವರು ಗಂಟುಮೂಟೆ ಕಟ್ಟಬೇಕಾಗಿಲ್ಲ. ಸ್ವಿಸ್ ಪದ್ಧತಿಯಲ್ಲಿ ಪ್ರತಿ ಸುತ್ತಿಗೂ ಒಂದೇ ಅಂಕ, ಇಲ್ಲವೇ ಹತ್ತಿರದ ಅಂಕ ಇರುವವರನ್ನು ಜೋಡಿ ಮಾಡುತ್ತಾರೆ. ಮೊದಲೆರಡು ಆಟ ಸೋತರೂ ಮೂರು, ನಾಲ್ಕನೆಯ ಸುತ್ತಿನ ಹೊತ್ತಿಗೆ ನಿಮಗೆ ಸಮಸಮ ಇರುವ ಆಸಾಮಿಯೇ ಎದುರಿಗೆ ಬಂದು ಕೂರುತ್ತಾನೆ. ನೀವು ಹುಡುಕುತ್ತಿರುವುದೂ ಅವನನ್ನೇ. ಸುತ್ತಿನ ನಡುವೆ ಹೊರಗೆ ಕಟ್ಟೆಯ ಮೇಲೆ ಬೋರ್ಡು ಹಾಸಿಕೊಂಡು, ಗಡಿಯಾರವಿಲ್ಲದೆ, ಪಕ್ಕದವರ ಸಲಹೆ ಸಮೇತ ನಡೆಯುವ ಆಟಗಳಿರುತ್ತವೆ. ಫೋನ್ ನಂಬರು ಸಿಗುವುದು ಅಲ್ಲಿ. ಒಂದು ಎಚ್ಚರಿಕೆ: ಎದುರಾಳಿ ಹತ್ತು ವರ್ಷದ ಹುಡುಗಿಯಾಗಿರಬಹುದು, ಆಕೆ ನಿಮ್ಮ ಮಂತ್ರಿಯನ್ನು ಎತ್ತಿಕೊಂಡು ಚಾಕಲೇಟು ಬಿಚ್ಚಬಹುದು. ಸಿಟ್ಟು ಮಾಡಿಕೊಳ್ಳಬೇಡಿ. ಮುಟ್ಟಿದ ಕಾಯಿ ನಡೆಸಲೇಬೇಕೆಂಬ ನಿಯಮವನ್ನೂ ಈಗಲೇ ಅಭ್ಯಾಸ ಮಾಡಿಕೊಳ್ಳಿ. ಮೊಬೈಲಿನಿಂದ ಬಂದವರು ಮೊದಲು ಮುಗ್ಗರಿಸುವುದು ಅದರಲ್ಲೇ.

ಸುದ್ದಿ ಯಾರ ಬಳಿ ಇರುತ್ತದೆ? ಪಿಟಿ ಮೇಷ್ಟ್ರ ಬಳಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಶಾಲಾ ಕ್ರೀಡಾಕೂಟದಲ್ಲಿ ಖೋ ಖೋ, ವಾಲಿಬಾಲಿನ ಜೊತೆ ಚೆಸ್ಸೂ ಇದೆ. ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಹೋಗುತ್ತಾರೆ. ಹಾಗಾಗಿ ಯಾವ ಹಳ್ಳಿಯ ಯಾವ ಹುಡುಗ ಆಡುತ್ತಾನೆ, ಅವನಿಗೆ ಕಲಿಸಿದ ಮಾವ ಯಾರು ಅನ್ನುವುದು ತಾಲ್ಲೂಕಿನ ದೈಹಿಕ ಶಿಕ್ಷಕರಿಗೆ ಬಾಯಿಪಾಠ. ಸರ್ಕಾರಿ ನೌಕರರ ಕ್ರೀಡಾಕೂಟದಲ್ಲೂ ಚೆಸ್ ಇರುವುದರಿಂದ ತಾಲ್ಲೂಕು ಕಚೇರಿ, ಖಜಾನೆ, ಆಸ್ಪತ್ರೆಗಳಲ್ಲೂ ವರ್ಷಕ್ಕೊಮ್ಮೆ ಬೋರ್ಡು ತೆಗೆಯುವವರಿದ್ದಾರೆ. ಅವರನ್ನು ವರ್ಷವಿಡೀ ಆಡುವಂತೆ ಮಾಡುವುದೇನೂ ಕಷ್ಟವಲ್ಲ, ಕರೆಯುವವರು ಬೇಕು ಅಷ್ಟೆ.

ತರಬೇತಿ ಅಕಾಡೆಮಿಗಳು ಮಕ್ಕಳಿಗಾಗಿ ಇರುವವು. ಅಲ್ಲಿಗೆ ಹೋಗಿ ‘ಆಡಲು ಜಾಗ ಕೊಡಿ’ ಅಂದರೆ ಫೀಸಿನ ಪಟ್ಟಿ ಕೈಗಿಡುತ್ತಾರೆ. ‘ನಿಮ್ಮ ಹಿರಿಯ ಹುಡುಗರಿಗೆ ಎದುರಾಳಿಯಾಗಿ ಕೂರುತ್ತೇನೆ’ ಅನ್ನಿ, ಮಾತಿನ ಧಾಟಿಯೇ ಬದಲಾಗುತ್ತದೆ. ಊರಿನ ರಿಕ್ರಿಯೇಷನ್ ಕ್ಲಬ್ಬುಗಳ ಗೊಡವೆಗೆ ಮಾತ್ರ ಹೋಗಬೇಡಿ. ಅಲ್ಲಿ ಸಾಮಾನ್ಯವಾಗಿ ಇಸ್ಪೀಟಿನದೇ ಆಳ್ವಿಕೆ.

ಇನ್ನು ಊರುಗಳು. ನಿಮಗೆ ನನ್ನ ಆಯ್ಕೆ ಕೋಲಾರ. ಶ್ರೀನಿವಾಸಪುರದಿಂದ ನರಸಾಪುರಕ್ಕೆ ಹೋಗುವವರು ಹೇಗೂ ಅಲ್ಲಿ ಹಾದೇ ಹೋಗಬೇಕು. ಮಾಲೂರಿನವರಿಗೂ ಮುಳಬಾಗಿಲಿನವರಿಗೂ ಅದು 30 ಕಿ.ಮೀ. ಆಸುಪಾಸು. ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಹೋಗಿ, ಜಿಲ್ಲಾ ಮಟ್ಟದ ಆಯ್ಕೆ ಟೂರ್ನಮೆಂಟು ಯಾವಾಗ ಎಂದು ವಿಚಾರಿಸಿ. ಊರಂಚಿನ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವೂ ವೈದ್ಯಕೀಯ ಕಾಲೇಜೂ ಇವೆ. ಹಾಸ್ಟೆಲಿನ ಹುಡುಗರ ಹತ್ತಿರ ಬೋರ್ಡೂ ಇರುತ್ತದೆ, ಹೊತ್ತೂ ಇರುತ್ತದೆ.

ಮಾಲೂರಿನವರು ಕೇಳಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆ. ಬೆಂಗಳೂರು–ಬಂಗಾರಪೇಟೆ ರೈಲುಮಾರ್ಗ ಅವರ ಮನೆಬಾಗಿಲಲ್ಲೇ ಇದೆ, ವೈಟ್‌ಫೀಲ್ಡ್, ಕೃಷ್ಣರಾಜಪುರದ ಭಾನುವಾರದ ಟೂರ್ನಮೆಂಟುಗಳಿಗೆ ಹೋಗಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ಮುಳಬಾಗಿಲಿಗೆ ರೈಲಿಲ್ಲ, ಹೆದ್ದಾರಿಯ ಬಸ್ಸೇ ಗತಿ. ನಿಮ್ಮೂರಿಗೆ ಚಿಂತಾಮಣಿ ಕೋಲಾರದಷ್ಟೇ ಹತ್ತಿರ. 2007ರಲ್ಲಿ ಅದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿಹೋಯಿತು ನಿಜ, ಆದರೆ ಜಿಲ್ಲೆಯ ಗಡಿ ಲೆಕ್ಕಕ್ಕೆ ಬರುವುದು ಆಯ್ಕೆ ಟೂರ್ನಮೆಂಟಿನಲ್ಲಿ ಮಾತ್ರ. ಮುಕ್ತ ಟೂರ್ನಮೆಂಟಿಗೆ ಯಾರು ಬೇಕಾದರೂ ಹೋಗಬಹುದು.

ಪರಿಚಯವಾದ ಮೇಲೆ ಕೂರಲು ಜಾಗ ಬೇಕಲ್ಲ. ಬೆಳಕು, ಮೇಜು, ಎದ್ದು ಹೋಗಿ ಅನ್ನದ ಯಜಮಾನ, ಇಷ್ಟಿದ್ದರೆ ಸಾಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಮಕ್ಕಳ ಬೇಸಿಗೆ ಶಿಬಿರಗಳಲ್ಲಿ ಚೆಸ್ಸನ್ನೂ ಕಲಿಸಿದ್ದಿದೆ. ಮಕ್ಕಳಿಗೆ ವಾರಕ್ಕೊಂದು ಗಂಟೆ ಹೇಳಿಕೊಡುತ್ತೇನೆಂದು ಮೇಲ್ವಿಚಾರಕರನ್ನು ಕೇಳಿ ನೋಡಿ, ಆಮೇಲಿನ ಒಂದು ಗಂಟೆ ನಿಮ್ಮದು. ಅದಾಗದಿದ್ದರೆ ಟೀ ಅಂಗಡಿ. ಕೇರಳದ ತ್ರಿಶ್ಶೂರು ಜಿಲ್ಲೆಯ ಮರೊಟ್ಟಿಚ್ಚಾಲ್ ಎಂಬ ಹಳ್ಳಿ ಕುಡಿತ, ಜೂಜುಗಳಲ್ಲಿ ಮುಳುಗಿತ್ತು. ಉಣ್ಣಿಕೃಷ್ಣನ್ ಎಂಬುವರು ತಮ್ಮ ಟೀ ಅಂಗಡಿಯಲ್ಲಿ ಬೋರ್ಡು ಇಟ್ಟು ಬಂದವರಿಗೆಲ್ಲ ಚೆಸ್ ಕಲಿಸಿದರು. ಇವತ್ತು ಅದು ಚೆಸ್ ಹಳ್ಳಿಯೆಂದೇ ಹೆಸರುವಾಸಿ.

ಅಂಗಡಿ ಕಟ್ಟೆಯಲ್ಲಿ ವಯಸ್ಸಾದವರು ಸಿಕ್ಕರೆ ನಿಯಮ ಮೊದಲೇ ಮಾತಾಡಿಕೊಳ್ಳಿ. ಹಳೇ ಪದ್ಧತಿಯಲ್ಲಿ ಸಿಪಾಯಿ ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಾನೆ. ಕೋಟೆ ಕಟ್ಟುವ ಬದಲು ರಾಜ ಒಂದು ಸಲ ಕುದುರೆಯಂತೆ ಹಾರಬಹುದು, ಅದಕ್ಕೆ ಮುಂಚೆ ಚೆಕ್ ಬಿದ್ದಿರಬಾರದು. ತಾತ್ಸಾರ ಬೇಡ, 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ ಮೀರ್ ಸುಲ್ತಾನ್ ಖಾನ್ ಭಾರತೀಯ ಪದ್ಧತಿಯಲ್ಲೇ ಆಟ ಕಲಿತು ಹೋದವರು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಾದರೆ ನಿಮ್ಮ ಕುದುರೆಯನ್ನು ಹೊಡೆದು ತೆಲುಗಿನಲ್ಲಿ ಕಾಲೆಳೆದಾರು, ಅದಕ್ಕೂ ತಯಾರಾಗಿರಿ.

ಎಲ್ಲಕ್ಕಿಂತ ಹೆಚ್ಚಾಗಿ, ವಾರ ಮತ್ತು ಹೊತ್ತು ಗಟ್ಟಿ ಮಾಡಿ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರದವರು ‘ಹುಣ್ಣಿಮೆ ಹಾಡು’ ನಡೆಸಿಕೊಂಡು ಬಂದದ್ದು ನಿಮಗೆ ಗೊತ್ತಿರಬಹುದು. ಹುಣ್ಣಿಮೆ ಅಂದರೆ ಕಾರ್ಯಕ್ರಮ ಇದೆ, ಕೇಳಬೇಕಾಗಿಲ್ಲ. ‘ಬಿಡುವಾದಾಗ ಸೇರೋಣ’ ಅಂದುಕೊಂಡ ಚೆಸ್ ಗುಂಪು ಎರಡನೇ ವಾರಕ್ಕೆ ವಾಟ್ಸಾಪಿನಲ್ಲಿ ಶುಭೋದಯ ಕಳಿಸುವ ಗುಂಪಾಗಿಬಿಡುತ್ತದೆ. ನಿಮಗೆ ಶಿಫ್ಟು ಬದಲಾಗುತ್ತಿದ್ದರೆ ವಾರದ ರಜೆಯ ದಿನವನ್ನೇ ಹಿಡಿಯಿರಿ. ಸುರುಳಿ ಸುತ್ತುವ ಬೋರ್ಡು, 9.5 ಸೆಂ.ಮೀ. ಎತ್ತರದ ರಾಜನಿರುವ ಪ್ಲಾಸ್ಟಿಕ್ ಕಾಯಿಗಳ ಸೆಟ್ಟು ಕೊಳ್ಳಿ. ಟೂರ್ನಮೆಂಟಿನಲ್ಲೂ ಅದೇ ಅಳತೆ. ಗಡಿಯಾರಕ್ಕೆ ಸದ್ಯಕ್ಕೆ ಮೊಬೈಲ್ ಸಾಕು. ಶ್ರೀನಿವಾಸಪುರದಲ್ಲೇ ಶುರು ಮಾಡುವ ಮನಸ್ಸಿದ್ದರೆ ಮಾವಿನ ಸುಗ್ಗಿ ಮುಗಿಯಲಿ. ಮಂಡಿಗೆ ಲೋಡು ಬರುವ ದಿನಗಳಲ್ಲಿ ನಿಮ್ಮೂರಲ್ಲಿ ಯಾರನ್ನು ಹಿಡಿದು ಕೂರಿಸುತ್ತೀರಿ?