ಹಿರಿಯರ ಆಸ್ಪತ್ರೆ ಖರ್ಚಿನಲ್ಲಿ ನಿಮ್ಮ ಪಾಲು

ಸರ್ಕಾರದ ಆರೋಗ್ಯ ಕಾರ್ಡು ಇದೆಯೆಂದು ನಿಶ್ಚಿಂತರಾಗಿರುವಿರಾ? ಅದು ಯಾವುದಕ್ಕೆ ಹಣ ಕೊಡದೆಂಬುದನ್ನೂ ತಿಳಿದುಕೊಳ್ಳಿರಿ.

೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎ.ಪಿ.ಎಲ್. ಚೀಟಿಯವರಿಗೆ ಹಾಗಲ್ಲ. ಗೊತ್ತುಪಡಿಸಿದ ದರದಲ್ಲಿ ನೂರಕ್ಕೆ ೩೦ ಭಾಗ ಮಾತ್ರ ಸರ್ಕಾರದ್ದು. ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ತಂದೆಯವರ ಶಸ್ತ್ರಚಿಕಿತ್ಸೆಗೆ ೧ ಲಕ್ಷ ದರವಿದ್ದರೆ ೭೦ ಸಾವಿರ ನಿಮ್ಮ ಕೈಯಿಂದಲೇ. ಮನೆಯವರು ಸಾಲಕ್ಕೆ ಬೀಳುವುದು ಇಲ್ಲಿಯೇ. ೭೦ ತುಂಬಿದವರಿಗೆ ಆದಾಯದ ಕಟ್ಟಳೆಯಿಲ್ಲದ ವಯ ವಂದನ ಕಾರ್ಡನ್ನು ಕೇಂದ್ರ ಸರ್ಕಾರವು ೨೦೨೪ರ ಅಕ್ಟೋಬರಿನಲ್ಲಿ ಆರಂಭಿಸಿತು. ಅದು ನೀವು ಹೋಗುವ ಆಸ್ಪತ್ರೆಯಲ್ಲಿ ನಡೆಯುವುದೇ ಎಂದು ಸೇರುವ ಮೊದಲೇ ವಿಚಾರಿಸಿರಿ.

ತುರ್ತು ಸಂದರ್ಭವನ್ನು ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಬೇಕು. ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆ ಸೇರಿದರೆ ಬಿ.ಪಿ.ಎಲ್.ನವರೂ ಪೂರ್ತಿ ಹಣ ತೆರಬೇಕಾದೀತು.

ಇನ್ನು ದಿನವೂ ನುಂಗುವ ಮಾತ್ರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಅಂಗಡಿಯಲ್ಲಿ ಮಾತ್ರೆ ಕೊಂಡರೆ ಕಾರ್ಡು ನಡೆಯದು. ತಿಂಗಳು ತಿಂಗಳೂ ಸೋರಿಹೋಗುವ ಹಣವಿದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ರೋಗಗಳಿಗೆ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ತಾಯಿಯವರನ್ನು ಅಲ್ಲಿಗೆ ಕರೆದೊಯ್ದು ಹೆಸರು ಬರೆಸಿರಿ. ಹಳೆಯ ಔಷಧ ಚೀಟಿ ಜೊತೆಗಿರಲಿ.