ಲೆನ್ಸ್ ಇದ್ದದ್ದು ಹುಲ್ಲಿನ ಕಡೆಗೆ, ಬಾಲ್ಕನಿಯ ಕಡೆಗಲ್ಲ

ದುಬೈನಲ್ಲಿ ಹಕ್ಕಿ ಫೋಟೊ ತೆಗೆಯಲು ಮರುಭೂಮಿಯೊಳಗೆ ಗಂಟೆಗಟ್ಟಲೆ ಕಾರು ಓಡಿಸಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಳಿಗಾಲದಲ್ಲಿ ನೀರು ಹಾಯಿಸಿದ ಹುಲ್ಲುಹಾಸು ಇದ್ದರೆ ಸಾಕು. ಚಂದ್ರಮುಕುಟ, ನೀಲಕಂಠ, ಟಿಟ್ಟಿಭ ಎಲ್ಲವೂ ಮನೆಯ ಹಿಂದೆಯೇ ಸಿಗುತ್ತವೆ. ಅಡ್ಡಿಯಾಗುವುದು ಮನುಷ್ಯರು.

ಕಳೆದ ಜನವರಿಯಲ್ಲಿ, ಮಂಜು ಆಗಷ್ಟೇ ಕರಗಿದ ಒಂದು ಬೆಳಿಗ್ಗೆ, ನಮ್ಮ ಬಿಲ್ಡಿಂಗ್ ಹಿಂದಿನ ಹುಲ್ಲಿನ ಮೇಲೆ ಬೋರಲು ಮಲಗಿದ್ದೆ. ಎದುರಿಗೆ ಚಂದ್ರಮುಕುಟ. ಉದ್ದ ಕೊಕ್ಕನ್ನು ಕಣ್ಣಿನವರೆಗೂ ಮಣ್ಣಿಗೆ ಚುಚ್ಚಿ ದಪ್ಪನೆಯ ಹುಳವೊಂದನ್ನು ಎಳೆಯಿತು. ಅದರ ನಾಲಿಗೆ ಗಿಡ್ಡ, ಕೊಕ್ಕಿನ ತುದಿಯಲ್ಲಿರುವ ಹುಳ ಗಂಟಲಿಗೆ ಹೋಗಬೇಕಾದರೆ ಮೇಲಕ್ಕೆ ಚಿಮ್ಮಿಸಲೇಬೇಕು. ಆ ಚಿಮ್ಮುವಿಕೆಗೆಂದೇ ಶಟರ್ 1/2000ಕ್ಕೆ ಇಟ್ಟುಕೊಂಡಿದ್ದೆ. ಹುಳ ಗಾಳಿಯಲ್ಲಿ, ಕಿರೀಟ ಪೂರ್ತಿ ಬಿಚ್ಚಿಕೊಂಡಿದೆ. ಸಿಕ್ಕಿತು! ಅಷ್ಟರಲ್ಲಿ ಲೆನ್ಸ್ ಮುಂದೆ ಒಂದು ಜೊತೆ ಬೂಟು.

ಬಾಲ್ಕನಿಯ ಫೋಟೊ ತೆಗೆಯುತ್ತಿದ್ದಾನೆ ಎಂದು ಮೇಲಿನ ಮಹಡಿಯವರು ಯಾರೋ ದೂರು ಕೊಟ್ಟಿದ್ದರು. ಬಿಲ್ಡಿಂಗ್ ಸೆಕ್ಯೂರಿಟಿಯವರು ನನ್ನನ್ನು ಆಫೀಸಿಗೆ ಕರೆದೊಯ್ದು ಎಮಿರೇಟ್ಸ್ ಐಡಿ ಮೇಜಿನ ಮೇಲೆ ಇಡಿಸಿಕೊಂಡರು. ಅಲ್ಲಿದ್ದ ಅಧಿಕಾರಿ ನನ್ನ ಮಾತು ಕೇಳುವ ಮೊದಲೇ ಹೇಳಿದ್ದು, ಕಾರ್ಡ್ ಫಾರ್ಮ್ಯಾಟ್ ಮಾಡಿ. ಇಲ್ಲವಾದರೆ ಪೊಲೀಸ್. ಕೈ ನಡುಗುತ್ತಿತ್ತು. ಭಾವನಿಗೆ ಫೋನ್ ಮಾಡಿದೆ. ನನ್ನನ್ನು ಈ ಊರಿಗೆ ಕರೆಸಿಕೊಂಡವರೇ ಅವರು. "ಹಕ್ಕಿಗೋಸ್ಕರ ವೀಸಾ ಕಳ್ಕೊಳ್ತೀಯಾ ಮಾರಾಯ? ಡಿಲೀಟ್ ಮಾಡಿ ಮನೆಗೆ ಹೋಗು" ಅಂದರು. ಅಧಿಕಾರಿಯ ಬೆದರಿಕೆಗಿಂತ ಆ ಮಾತು ಹೆಚ್ಚು ನೋಯಿಸಿತು. ನಾನು ಏನು ತೆಗೆದೆ ಎಂದು ಅವರೂ ಕೇಳಲಿಲ್ಲ.

ನಾನು ಅಳಿಸಲಿಲ್ಲ. "ಮೊದಲು ನೋಡಿ" ಎಂದು ಒಂದೊಂದೇ ಫ್ರೇಮ್ ತೋರಿಸಿದೆ. ನೆಲಮಟ್ಟದಲ್ಲಿ ತೆಗೆದದ್ದು. ಹುಲ್ಲು, ಕೊಕ್ಕು, ಹಿಂದೆ ಮಸುಕಾದ ಹಸಿರು, ಅಷ್ಟೇ. ಒಂದು ಕಿಟಕಿಯೂ ಇರಲಿಲ್ಲ. ಅವರೇ ಜೂಮ್ ಮಾಡಿ ಮಾಡಿ ಹುಡುಕಿದರು. ಕೊನೆಗೆ ಐಡಿಯನ್ನು ನನ್ನತ್ತ ತಳ್ಳಿದರು. ಕ್ಷಮಿಸಿ ಅನ್ನುವ ಒಂದು ಮಾತೂ ಬರಲಿಲ್ಲ.

ಭಾವನ ಹೆದರಿಕೆಗೆ ಆಧಾರ ಇಲ್ಲದಿಲ್ಲ. 2021ರ 34ನೇ ಫೆಡರಲ್ ಸೈಬರ್ ಅಪರಾಧ ಕಾನೂನಿನ ಪ್ರಕಾರ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಫೋಟೊ ತೆಗೆದು ಖಾಸಗಿತನಕ್ಕೆ ಧಕ್ಕೆ ತಂದರೆ ಕನಿಷ್ಠ 6 ತಿಂಗಳು ಜೈಲು, 1.5 ಲಕ್ಷದಿಂದ 5 ಲಕ್ಷ ದಿರ್ಹಮ್‌ವರೆಗೆ ದಂಡ, ಅಥವಾ ಇವೆರಡರಲ್ಲಿ ಒಂದು. ಆದ್ದರಿಂದ ನೆಲಕ್ಕೆ ಮಲಗಿಯೇ ತೆಗೆಯಿರಿ, ಲೆನ್ಸ್ ಮೇಲಕ್ಕೆ ಎತ್ತಬೇಡಿ. ಬಿಲ್ಡಿಂಗ್‌ನವರಿಂದ ಇಮೇಲ್‌ನಲ್ಲಿ ಅನುಮತಿ ಪಡೆದಿಟ್ಟುಕೊಳ್ಳಿ, ನಾನು ಈಗ ಪಡೆದಿದ್ದೇನೆ. ವಿಮಾನ ನಿಲ್ದಾಣ, ಅರಮನೆ, ಸೇನಾ ಜಾಗಗಳ ಹತ್ತಿರ ಕ್ಯಾಮೆರಾ ಚೀಲದಿಂದ ಹೊರಗೆ ಬರಲೇಬಾರದು.

ಜನರ ಗೊಡವೆಯೇ ಬೇಡ ಅನ್ನುವವರಿಗೆ ನಗರದ ನಡುವೆಯೇ ರಾಸ್ ಅಲ್ ಖೋರ್ ಜೌಗುಪ್ರದೇಶ ಇದೆ, 2007ರಿಂದ ರಾಮ್ಸಾರ್ ತಾಣ. ಅಬುಧಾಬಿಯವರಿಗೆ ಅಲ್ ವತ್ಬಾ ಇದೆ. 1998ರಲ್ಲಿ ಫ್ಲೆಮಿಂಗೊಗಳು ಅಲ್ಲಿ ಮರಿ ಮಾಡಿದ್ದವು. ಹೋಗುವ ಮುನ್ನ ತೆರೆದಿದೆಯೇ ವಿಚಾರಿಸಿಕೊಳ್ಳಿ. ಬಿಸಿಲೇರುವ ಮೊದಲೇ ಮುಗಿಸಿ. ತಡವಾದರೆ ನೆಲದ ಕಾವಿಗೆ ಗಾಳಿ ಅಲುಗಿ, ಎಷ್ಟೇ ದುಬಾರಿ ಲೆನ್ಸ್ ಇದ್ದರೂ ಗರಿಯ ಅಂಚು ನಿಲ್ಲುವುದಿಲ್ಲ.