ಹಾಲಿನ ಗಾಡಿ ಸ್ಟಾರ್ಟ್ ಆಗದಿದ್ದರೆ ಏನು ಮಾಡಬೇಕು?



ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮೊಪೆಡ್ ಎಂದರೆ ಮನೆಯ ಇನ್ನೊಂದು ಎತ್ತು ಇದ್ದಂತೆ. ಬೆಳಿಗ್ಗೆ ಡೈರಿಗೆ ಹಾಲು, ಬರುವಾಗ ಪಶು ಆಹಾರದ ಮೂಟೆ, ಮಧ್ಯಾಹ್ನ ಗದ್ದೆಯಿಂದ ಹಸಿರು ಮೇವಿನ ಹೊರೆ, ಎಲ್ಲವನ್ನೂ ಅದೇ ಹೊರುತ್ತದೆ. ಹಸುವಿಗೆ ಜ್ವರ ಬಂದರೆ ಕೂಡಲೇ ಗುರುತಿಸುವ ನಾವು ಈ ಗಾಡಿಯ ಕಾಯಿಲೆಯನ್ನು ಮಾತ್ರ ಅದು ನಡುದಾರಿಯಲ್ಲಿ ನಿಂತ ಮೇಲೆಯೇ ಗಮನಿಸುತ್ತೇವೆ.

ಕರೆದ ಹಾಲು ಕಾಯುವುದಿಲ್ಲ. ಬೆಚ್ಚಗಿರುವ ಹಾಲಿನಲ್ಲಿ ಸೂಕ್ಷ್ಮಾಣುಗಳು ಬಹುಬೇಗ ವೃದ್ಧಿಯಾಗುತ್ತವೆ. ಅದನ್ನು ತಡೆಯಲೆಂದೇ ಶೀತಲೀಕರಣ ಘಟಕದಲ್ಲಿ ಹಾಲನ್ನು 4 ಡಿಗ್ರಿ ಸೆಂಟಿಗ್ರೇಡಿಗೆ ತಂಪುಗೊಳಿಸುತ್ತಾರೆ. ಗಾಡಿ ಕೆಟ್ಟು ಹಾಲು ಬಿಸಿಲಿನಲ್ಲಿ ಉಳಿದರೆ ಆ ಹೊತ್ತಿನ ದುಡಿಮೆಯೇ ಕೈಬಿಟ್ಟು ಹೋಗಬಹುದು. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರುವುದು ಒಳ್ಳೆಯದು.

ಎಂಜಿನ್ ಓಡಲು ಏನು ಬೇಕು?

ಪೆಟ್ರೋಲ್, ಗಾಳಿ ಮತ್ತು ಕಿಡಿ ಈ ಮೂರೂ ಸರಿಯಾಗಿ ಸೇರಬೇಕು. ಸಿಲಿಂಡರಿನೊಳಗೆ ಒತ್ತಡವೂ ಇರಬೇಕು. ಮೊದಲು ಸುಲಭವಾದುದನ್ನು ನೋಡಿ: ಕೀಲಿ ಆನ್ ಆಗಿದೆಯೇ? ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ನಲ್ಲಿ ತೆರೆದಿದೆಯೇ? ಸುಮ್ಮನೆ ಐವತ್ತು ಸಲ ಕಿಕ್ ಹೊಡೆದರೆ ಕಾಲು ಸೋಲುತ್ತದೆಯೇ ಹೊರತು ದೋಷ ತಿಳಿಯುವುದಿಲ್ಲ.

1. ಪ್ಲಗ್ ಬಿಚ್ಚಿ ನೋಡಿ

ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಆದರೆ ಕಿಡಿ ಇಲ್ಲ ಅಥವಾ ಪೆಟ್ರೋಲ್ ಹೆಚ್ಚಾಗಿದೆ. ಕಪ್ಪು ಮಸಿ ಹಿಡಿದಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು ಅಥವಾ ಚೋಕ್ ಹಾಕಿಯೇ ಓಡಿಸಿರಬಹುದು. ತಿಳಿಕಂದು ಬಣ್ಣವಿದ್ದರೆ ಎಂಜಿನ್ ಚೆನ್ನಾಗಿ ಉರಿಯುತ್ತಿದೆ ಎಂದರ್ಥ.

ಪೆಟ್ರೋಲ್ ಹೆಚ್ಚಾಗಿದ್ದರೆ ನಲ್ಲಿ ಮುಚ್ಚಿ, ಕೀಲಿ ಆಫ್ ಮಾಡಿ, ಪ್ಲಗ್ ಇಲ್ಲದೆಯೇ ಎಂಟು ಹತ್ತು ಸಲ ಕಿಕ್ ಹೊಡೆಯಿರಿ. ಪ್ಲಗ್ ಒರೆಸಿ ಒಣಗಿಸಿ ಮತ್ತೆ ಹಾಕಿ. ಪ್ಲಗ್‌ಗೆ ಬೆಲೆ ಕಡಿಮೆ. ಹೊಸದೊಂದು ಗಾಡಿಯ ಪೆಟ್ಟಿಗೆಯಲ್ಲಿ ಸದಾ ಇರಲಿ.

2. ಪೆಟ್ರೋಲ್ ಹರಿಯುತ್ತಿದೆಯೇ?

ಕಾರ್ಬುರೇಟರ್ ಇರುವ ಗಾಡಿಯಲ್ಲಿ ಪೈಪ್ ಕಳಚಿ, ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಬಿಡಿ. ಹತ್ತಿರ ಬೀಡಿ, ಒಲೆ, ದೀಪ ಇರಬಾರದು. ಧಾರೆ ನಿಂತು ನಿಂತು ಬಂದರೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಆಗ ಸರಾಗವಾಗಿ ಬಂದರೆ ಮುಚ್ಚಳದ ಗಾಳಿರಂಧ್ರ ಮಣ್ಣಿನಿಂದ ಮುಚ್ಚಿದೆ ಎಂದು ತಿಳಿಯಿರಿ. ಆಗಲೂ ಬಾರದಿದ್ದರೆ ನಲ್ಲಿಯ ಜಾಲರಿ ಕಟ್ಟಿದೆ.

ಹಿಡಿದ ಪೆಟ್ರೋಲನ್ನು ಸ್ವಲ್ಪ ಹೊತ್ತು ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರ ನಿಂತರೆ ನೀರು ಸೇರಿದೆ. ಈಗ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆಸಲಾಗುತ್ತಿದೆ. ಕಬ್ಬಿನ ರಸ, ಕಾಕಂಬಿಗಳಿಂದ ಎಥನಾಲ್ ತಯಾರಾಗುವುದು ಕಬ್ಬು ಬೆಳೆಯುವ ನಮಗೆ ಹೊಸ ವಿಷಯವಲ್ಲ. ಈ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್‌ಗೆ ಮೊದಲು ಹೋಗುವುದು ತಳದಲ್ಲಿರುವುದೇ. ಆದ್ದರಿಂದ ಮಳೆಗಾಲದಲ್ಲಿ ಗಾಡಿಯನ್ನು ಬಯಲಲ್ಲಿ ಬಿಡಬೇಡಿ. ಹಳೆಯ ಗಾಡಿಯ ರಬ್ಬರ್ ಪೈಪು ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಖಾಲಿ ಮಾಡಿಸಿ.

3. ಸ್ಟಾರ್ಟ್ ಆಗಿ ನಿಂತುಹೋದರೆ

ಚೋಕ್ ಹಾಕಿದಾಗ ಓಡಿ, ಚೋಕ್ ತೆಗೆದಾಗ ನಿಂತರೆ ಜೆಟ್‌ನಲ್ಲಿ ಕಸ ಸಿಕ್ಕಿದೆ ಅಥವಾ ಕಾರ್ಬುರೇಟರ್ ಜೋಡಣೆಯಲ್ಲಿ ಗಾಳಿ ಸೋರುತ್ತಿದೆ. ಆಕ್ಸಿಲರೇಟರ್ ಕೊಟ್ಟಾಗ ಮುಗ್ಗರಿಸಿ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ನೋಡಿ. ಕಬ್ಬಿನ ಲಾರಿ, ಗಾಡಿಗಳು ಓಡಾಡುವ ಕಾಲದಲ್ಲಿ ದಾರಿಯ ಧೂಳೆಲ್ಲ ಅದರಲ್ಲಿ ಕೂರುತ್ತದೆ. ಎಣ್ಣೆ ಬೆರೆಸಿ ಓಡಿಸುವ ಹಳೆಯ ಟೂ ಸ್ಟ್ರೋಕ್ ಮೊಪೆಡ್ ಏರು ಹತ್ತದೆ ಸೋತರೆ ಸೈಲೆನ್ಸರಿನಲ್ಲಿ ಇಂಗಾಲ ಕಟ್ಟಿರುವ ಸಂಭವ ಹೆಚ್ಚು. ಎಣ್ಣೆಯನ್ನು ಅಂದಾಜಿನಲ್ಲಿ ಸುರಿಯದೆ ಅಳೆದು ಹಾಕಿ.

2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಕಡ್ಡಾಯವಾದ ಮೇಲೆ ಬಂದ ಮೊಪೆಡ್‌ಗಳಲ್ಲಿ ಕಾರ್ಬುರೇಟರ್ ಬದಲು ಇಂಜೆಕ್ಷನ್ ವ್ಯವಸ್ಥೆ ಇದೆ. ಅದರ ಪೈಪ್, ವೈರ್‌ಗಳನ್ನು ಮನೆಯಲ್ಲಿ ಕಳಚಬೇಡಿ. ಎಂಜಿನ್ ಗುರುತಿನ ದೀಪ ಓಡುವಾಗಲೂ ಉರಿಯುತ್ತಿದ್ದರೆ ಮೆಕ್ಯಾನಿಕ್ ಬಳಿ ಒಯ್ಯಿರಿ.

4. ಆಕ್ಸಿಲರೇಟರ್ ಸಿಕ್ಕಿಕೊಂಡರೆ ಎಚ್ಚರ!

ಸ್ಟಾರ್ಟ್ ಆಗದ ಗಾಡಿಯಿಂದ ಹಾಲು ಹೋಗಬಹುದು. ಆಕ್ಸಿಲರೇಟರ್ ಸಿಕ್ಕಿಕೊಂಡ ಗಾಡಿಯಿಂದ ಜೀವವೇ ಹೋಗಬಹುದು. ಮೊಪೆಡ್‌ನಲ್ಲಿ ಕೈಯಿಂದ ಹಿಡಿಯುವ ಕ್ಲಚ್ ಇಲ್ಲ. ಎಂಜಿನ್ ವೇಗ ಏರಿದೊಡನೆ ಗಾಡಿ ತಾನಾಗಿ ಮುಂದಕ್ಕೆ ನುಗ್ಗುತ್ತದೆ. 40 ಲೀಟರ್ ಹಾಲೆಂದರೆ ಸುಮಾರು 41 ಕಿಲೋ, ಕ್ಯಾನಿನ ತೂಕ ಬೇರೆ. ಅಷ್ಟು ಭಾರದೊಡನೆ ನಾಲೆ ಏರಿಯ ಮೇಲೆ ಅದು ನುಗ್ಗಿದರೆ ತಡೆಯುವುದು ಕಷ್ಟ.

ಪ್ರತಿದಿನ ಎಂಜಿನ್ ಆಫ್ ಇರುವಾಗ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಬಿಡಿ. ಅದು ಟಪ್ಪೆಂದು ಹಿಂದಿರುಗಬೇಕು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಮತ್ತೆ ನೋಡಿ. ನಿಧಾನವಾದರೆ ವೈರಿನಲ್ಲಿ ತುಕ್ಕು, ಎಳೆ ಬಿಚ್ಚಿರುವುದು, ಅಥವಾ ಕಾರ್ಬುರೇಟರಿನಲ್ಲಿ ಮಣ್ಣು ಕಾರಣವಿರಬಹುದು. ಎಳೆ ಬಿಚ್ಚಿದ ವೈರಿಗೆ ಗಂಟು ಹಾಕಿ ಓಡಿಸಬೇಡಿ, ಹೊಸದು ಹಾಕಿಸಿ. ಹ್ಯಾಂಡಲ್‌ಗೆ ಚೀಲ, ಚಿಕ್ಕ ಕ್ಯಾನು ತೂಗುಹಾಕಬೇಡಿ. ಅದರ ಹಿಡಿ ವೈರನ್ನು ಎಳೆಯುತ್ತದೆ.

ಕಿಕ್ ಹೊಡೆಯುವಾಗ ಗಾಡಿ ನಡುಸ್ಟ್ಯಾಂಡಿನ ಮೇಲಿದ್ದು ಹಿಂದಿನ ಚಕ್ರ ನೆಲ ಬಿಟ್ಟಿರಲಿ. ಮಕ್ಕಳು, ಸೀರೆಯ ಸೆರಗು ಚಕ್ರದಿಂದ ದೂರವಿರಲಿ. ದಾರಿಯಲ್ಲಿ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಮೊದಲು ಎಂಜಿನ್ ಆಫ್ ಮಾಡಿ, ಎರಡೂ ಬ್ರೇಕು ಹಿಡಿಯಿರಿ. ಗಾಬರಿಯಲ್ಲಿ ಕೀಲಿಯನ್ನು ಹ್ಯಾಂಡಲ್ ಲಾಕ್ ಕಡೆಗೆ ತಿರುಗಿಸಬೇಡಿ.

ಕೊನೆಯದಾಗಿ

ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಗಾಡಿ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಕೆಚ್ಚಲು ಮುಟ್ಟಬೇಡಿ. ಹಾಲಿನ ಪಾತ್ರೆ, ಸ್ಯಾಂಪಲ್ ಬಾಟಲಿಗಳಿಗೆ ಪೆಟ್ರೋಲ್ ಹಿಡಿಯಬೇಡಿ. ಕ್ಯಾನಿನ ಜೊತೆ ಪೆಟ್ರೋಲ್ ಬಾಟಲಿ ಕಟ್ಟಿಕೊಂಡು ಹೋಗಬೇಡಿ.

ಹಿಂದಿನ ಸಂಜೆಯೇ ಪೆಟ್ರೋಲ್, ಆಕ್ಸಿಲರೇಟರ್, ಬ್ರೇಕು, ಗಾಳಿ ಈ ನಾಲ್ಕನ್ನು ನೋಡಿಡಿ. ಐದು ನಿಮಿಷದ ಕೆಲಸ. ಆದರೂ ಬೆಳಿಗ್ಗೆ ಗಾಡಿ ಹೊರಡದಿದ್ದರೆ ರಿಪೇರಿಗೆ ಕೂರಬೇಡಿ. ಪಕ್ಕದ ಮನೆಯ ಸದಸ್ಯರೊಡನೆ ಮೊದಲು ಹಾಲು ಕಳುಹಿಸಿ, ಗಾಡಿಯನ್ನು ಆಮೇಲೆ ನೋಡಿಕೊಳ್ಳಿ. ಒಬ್ಬರಿಗೊಬ್ಬರು ಆಗುವುದಕ್ಕೇ ಅಲ್ಲವೇ ನಮ್ಮ ಸಹಕಾರ ಸಂಘ!